ಪಡಸಾಲೆಯ ಟಿ.ವಿ.ಗೆ ಪರವಾನಗಿ

ಫೆಬ್ರವರಿ 2, 2018, ಶುಕ್ರವಾರ
ಖಾಲಿದಿಯಾ, ಅಬುಧಾಬಿ

ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು ಕುಚ್ಚಲಕ್ಕಿ ತೊಳೆಯುತ್ತಿದ್ದಾಗ ಹರ್ಬರ್ಟ್ ಬಂದರು. ನಮ್ಮ ಆಸ್ಪತ್ರೆಯ ಸಿಬ್ಬಂದಿಯ ವಸತಿಯನ್ನು ನೋಡಿಕೊಳ್ಳುವ ಈ ಮನುಷ್ಯ ರಜೆಯ ದಿನ ಕಾಲಿಟ್ಟರೆಂದರೆ, ಮುಸಫ್ಫಾದ ಗೋದಾಮಿನಿಂದ ಎಲ್ಲಿಗೋ ಹೊಸ ಮಂಚ ಹೊರಡಲಿದೆಯೆಂದೇ ಅರ್ಥ. ಪಡಸಾಲೆಯ ನಡುವೆ ನಿಂತು ಗೋಡೆಯಿಂದ ಗೋಡೆಗೆ ಕಣ್ಣಿನಲ್ಲೇ ಅಳತೆ ತೆಗೆದರು.

“ತೆರೆಸಾ ಬಾಯಿ, ಈ ಹಾಲ್‌ನಲ್ಲಿ ಕೂತ್ಕೊಳ್ಳುದು ಯಾರು?”

“ಎಲ್ಲರೂ.”

“ಎಲ್ಲರೂ ಎಲ್ಲಿದ್ದಾರೆ?”

ಎಲ್ಲರೂ ಒಳಗಿನ ಕೋಣೆಯಲ್ಲಿ, ತಮ್ಮ ತಮ್ಮ ಮಂಚದ ಪರದೆ ಎಳೆದುಕೊಂಡು, ತಮ್ಮ ತಮ್ಮ ಫೋನಿನೊಳಗಿದ್ದರು. ಪಡಸಾಲೆಯ ಟಿ.ವಿ. ಖಾಲಿ ಸೋಫಾಕ್ಕೆ ಹವಾಮಾನದ ವರದಿ ಒಪ್ಪಿಸುತ್ತಿತ್ತು.

“ಮ್ಯಾನೇಜರ್ ಹೇಳ್ತಾರೆ, ಈಗ ಟಿವಿ ನೋಡುವವರು ಮಾಫಿ, ಯಾರೂ ಇಲ್ಲ, ಎಲ್ಲ ಫೋನಿನಲ್ಲೇ ಅಂತ. ಮತ್ತೆ ಹಾಲ್ ಯಾಕೆ? ಒಂದು ಪ್ಲೈವುಡ್ ಹೊಡೆದ್ರೆ ಎರಡು ಮಂಚ ಆರಾಮ ಹಿಡೀತದೆ. ಮಾರ್ಚ್ ಕೊನೆಗೆ ಎರಡು ಹೊಸ ಹುಡುಗಿಯರು ಬರ್ಲಿಕ್ಕುಂಟು.” ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. “ಹಾಲ್ ಉಪಯೋಗದಲ್ಲಿ ಉಂಟು ಅಂತ ನಾನು ಕಣ್ಣಾರೆ ನೋಡಿದ್ರೆ ಹಾಗೇ ರಿಪೋರ್ಟ್ ಬರೀತೇನೆ. ಇಲ್ಲದಿದ್ರೆ ಖಲಾಸ್.”

ಈ ಮನೆಯ ಮೇಲ್ವಿಚಾರಕಿಯಾಗಿ ನಾನು ಚಿಂತಿಸುವುದು ಪಡಸಾಲೆಯ ಸಲುವಾಗಿಯಲ್ಲ, ಪರ್ಲ್‌ಳ ಸಲುವಾಗಿ. ಇಲ್ಲಿರುವ ಮೂವರು ಹುಡುಗಿಯರಲ್ಲಿ ಶಾರನ್ ಮಂಗಳೂರಿನವಳು, ಎಲ್ಲಿ ಬಿಟ್ಟರೂ ಬೇರು ಬಿಡುವಳು. ಮೈಸೂರಿನ ಹಿತಾ ಫಿಸಿಯೋಥೆರಪಿಯವಳು. ವಾದಕ್ಕೊಬ್ಬರು ಸಿಕ್ಕಿದರೆ ಅವಳಿಗೆ ಊಟವೂ ಬೇಡ. ಆದರೆ ಮುಂಡ್ಕೂರು ಕಡೆಯಿಂದ ಡಿಸೆಂಬರಿನಲ್ಲಿ ಬಂದ ಪರ್ಲ್, ವಾರ್ಡಿನಲ್ಲಿ ನನ್ನ ಕೈಕೆಳಗೆ ತರಬೇತಿಯಲ್ಲಿರುವ ಹುಡುಗಿ, ಇನ್ನೂ ನೆಲ ಮುಟ್ಟಿಲ್ಲ. ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಅವಳ ಧ್ವನಿ ಪಕ್ಕದಲ್ಲಿ ನಿಂತ ನನಗೇ ಕೇಳಿಸದು. ಅವಳ ಪ್ರೊಬೇಷನ್ ಮುಗಿಯುವುದೂ ಮಾರ್ಚ್ ಕೊನೆಗೆ. ಮನೆಯಲ್ಲಿ ನಾಲ್ಕು ಜನ ಕೂರುವ ಜಾಗವೂ ಇಲ್ಲವಾದರೆ ಆ ಹುಡುಗಿ ಪರದೆಯ ಹಿಂದಿನಿಂದ ನೇರವಾಗಿ ವಿಮಾನ ಹತ್ತುವಳು. ಒಳ್ಳೆಯ ಕೈಯಿರುವ ನರ್ಸ್, ಹಾಗಾಗಲು ಬಿಡಬಾರದು.

ಇಷ್ಟನ್ನೂ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಒಬ್ಬರಿಗೇ ಇರುವ ಕೋಣೆ ಇದೊಂದೇ, ಹಿರಿತನದಿಂದ ಬಂದದ್ದು. ಇದರ ಮೌನದ ಬೆಲೆ, ಗೋಡೆಯಾಚೆ ಶಾರನ್ ನಗುವಾಗ ಚೆನ್ನಾಗಿ ತಿಳಿಯುತ್ತದೆ.

ಫೆಬ್ರವರಿ 5, ಸೋಮವಾರ

ಉಪಾಯ ಸಿಕ್ಕಿತು, ಅದೂ ಅನಿರೀಕ್ಷಿತವಾಗಿ, ವಾರ್ಡಿನ ಮುಖ್ಯಸ್ಥೆ ಪ್ಯಾಟ್ರಿಶಿಯಾರಿಂದ. ಇಂಗ್ಲೆಂಡಿನ ಅವರ ಊರಿನಲ್ಲಿ ಟಿ.ವಿ. ನೋಡುವ ಪ್ರತಿಯೊಂದು ಮನೆಯೂ ವರ್ಷಕ್ಕೊಮ್ಮೆ ಪರವಾನಗಿ ಪಡೆಯಬೇಕಂತೆ. ಅವರ ತಾಯಿ ಚಾಚೂ ತಪ್ಪದೆ ಪಡೆಯುತ್ತಾರೆ. ತಂಗಿಯ ಮಗನೋ, “ನಾನು ನೋಡುವುದೆಲ್ಲ ಇಂಟರ್ನೆಟ್ಟಿನಲ್ಲಿ, ನನಗೇಕೆ ಪರವಾನಗಿ?” ಎನ್ನುತ್ತಾನೆ. ಕ್ರಿಸ್ಮಸ್ ಊಟದ ಮೇಜಿನಲ್ಲಿ ಅಜ್ಜಿ–ಮೊಮ್ಮಗನಿಗೆ ಇದೇ ಜಗಳ. ನನಗೆ ಅಪ್ಪ ಅಂಚೆ ಕಚೇರಿಗೆ ಹೋಗಿ ರೇಡಿಯೋ ಪರವಾನಗಿ ನವೀಕರಿಸಿ ಬರುತ್ತಿದ್ದ ದಿನಗಳು ನೆನಪಾದವು. ಆ ಚೀಟಿ ಮನೆಗೆ ಬಂದ ದಿನ ರೇಡಿಯೋ ಇನ್ನಷ್ಟು ನಮ್ಮದೆನಿಸುತ್ತಿತ್ತು.

ಪಡೆದ ವಸ್ತುವನ್ನು ಮನುಷ್ಯ ಬಳಸದೆ ಬಿಡುವುದಿಲ್ಲ. ಸಂಜೆ ದಪ್ಪ ಕಾಗದದಲ್ಲಿ ಮೂರು ಪರವಾನಗಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ‘ಈ ಮನೆಯ ಪಡಸಾಲೆಯಲ್ಲಿ ಟಿ.ವಿ. ವೀಕ್ಷಿಸಲು ಅನುಮತಿಸಲಾಗಿದೆ. ಷರತ್ತು: ಬಿಡುವಿದ್ದ ಸಂಜೆ ಒಂದು ಗಂಟೆ ಕಡ್ಡಾಯ ಹಾಜರಿ. ಶುಲ್ಕ: ವಾರಕ್ಕೊಮ್ಮೆ ಎಲ್ಲರಿಗೂ ಚಹಾ.’

ಶಾರನ್ ಓದಿ ಕೈಮುಗಿದಳು. “ದೇವರೇ! ಇನ್ನು ಸ್ನಾನಕ್ಕೂ ಲೈಸನ್ಸ್ ಬರ್ತದಾ ಹೇಗೆ?”

“ಅದಕ್ಕೆ ನಿನಗೆ ಕೊಡುವುದಿಲ್ಲ, ನೀರು ಉಳಿಯುವುದಿಲ್ಲ,” ಎಂದೆ.

ಹಿತಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಮಿಸ್, ನಾನು ಆ ಟಿವೀನ ಮುಟ್ಟೋದೇ ಇಲ್ವಲ್ಲ. ನಂದೆಲ್ಲ ಫೋನಲ್ಲೇ. ನೋಡ್ದೇ ಇರೋ ಟಿವಿಗೆ ನಾನ್ಯಾಕ್ ಟೀ ಮಾಡ್ಬೇಕು?”

“ನೀನು ಕಾರು ಓಡಿಸುವುದಿಲ್ಲ. ಆದರೂ ಬೀದಿದೀಪ ನಿನಗೂ ಉರಿಯುತ್ತದೆ, ಅಲ್ಲವೇ? ಎಲ್ಲರಿಗೂ ಸೇರಿದ ವಸ್ತುವನ್ನು ಎಲ್ಲರೂ ಸೇರಿ ಉಳಿಸಿಕೊಳ್ಳಬೇಕು.”

“ಸರಿ. ಆದ್ರೆ ಬೀದಿದೀಪ ಬೆಳಕು ಕೊಡುತ್ತೆ. ಈ ಟಿವಿ ಏನ್ ಕೊಡುತ್ತೆ? ನಾನ್ ಬೇಕಾದ್ದನ್ನ ಬೇಕಾದಾಗ ನೋಡೋಳು. ಅದು ಕೊಟ್ಟಾಗ ನೋಡ್ಬೇಕು ಅನ್ನೋ ಕಾಲ ಹೋಯ್ತು, ಮಿಸ್.” ಆಮೇಲೆ ತಲೆ ಓರೆ ಮಾಡಿದಳು. “ಒಂದ್ ಡೌಟು. ಈ ಲೈಸನ್ಸು ಟಿವಿಗಾ, ಹಾಲ್‌ಗಾ?”

ಕಿರಿಯರು ಇಂಥ ಪ್ರಶ್ನೆ ಕೇಳಿದಾಗ ನನಗೆ ಸಂತೋಷವಾಗುತ್ತದೆ. ಉತ್ತರವಾಗಿ ಹರ್ಬರ್ಟ್ ಹೇಳಿದ್ದನ್ನು ವಿವರಿಸಿದೆ. ಮಂಚ ಎಂಬ ಮಾತು ಕೇಳಿದ್ದೇ ಶಾರನ್ ಎದ್ದು ಚಹಾಕ್ಕೆ ನೀರಿಟ್ಟಳು. ಪರ್ಲ್ ತನ್ನ ಪರವಾನಗಿಯನ್ನು ಓದಿ ಒಳಗೆ ಹೋದಳು.

ಫೆಬ್ರವರಿ 8, ಗುರುವಾರ

ಯೋಜನೆ ನಿರೀಕ್ಷೆಗೂ ಮೀರಿ ಯಶಸ್ವಿಯಾಗಿದೆ. ಸಂಜೆ ಮೂವರೂ ಪಡಸಾಲೆಯಲ್ಲಿ ಹಾಜರು. ನಾನು ನನ್ನ ಕೋಣೆಯಿಂದ ಆಗಾಗ ಇಣುಕಿ ಮೇಲ್ವಿಚಾರಣೆ ಮಾಡಿದೆ.

ಮೂವರ ಕಿವಿಯಲ್ಲೂ ಇಯರ್‌ಫೋನ್ ಇದ್ದವು, ಮೂವರ ಕೈಯಲ್ಲೂ ಫೋನ್. ಟಿ.ವಿ. ತನ್ನಷ್ಟಕ್ಕೆ ಅಡುಗೆ ಕಲಿಸುತ್ತಿತ್ತು. ಆರಂಭದಲ್ಲಿ ಇಷ್ಟು ಸಾಕು.

ಫೆಬ್ರವರಿ 14, ಬುಧವಾರ

ವಿಭೂತಿ ಬುಧವಾರ. ತಪಸ್ಸುಕಾಲದ ತ್ಯಾಗವಾಗಿ ಶಾರನ್ ಈಸ್ಟರ್‌ವರೆಗೆ ಧಾರಾವಾಹಿ ನೋಡುವುದಿಲ್ಲವೆಂದು ಘೋಷಿಸಿದ್ದಾಳೆ. ಈಗ ಹಿತಾ ನೋಡಿದ್ದನ್ನು ಅವಳಿಂದ ಕಥೆಯಾಗಿ ಹೇಳಿಸಿಕೊಳ್ಳುತ್ತಾಳೆ. ಇದು ತ್ಯಾಗವೇ ಎಂದು ಕೇಳಿದರೆ, “ನೋಡುದು ಬೇಡ ಅಂತ ಹೇಳಿದ್ದು ಮಿಸ್, ಕೇಳುದು ಬೇಡ ಅಂತ ಅಲ್ಲ,” ಎಂದಳು. ಹಿತಾ ಕಥೆ ಹೇಳುವ ರೀತಿ ಚೆನ್ನಾಗಿದೆ. ಖಳನಾಯಕಿಯ ಹುಬ್ಬನ್ನು ಸಹ ಅಭಿನಯಿಸುತ್ತಾಳೆ. ಮೇಲ್ವಿಚಾರಣೆಗೆಂದು ಕುಳಿತವಳು ನಡುವೆ ಎದ್ದು ಹೋಗುವುದು ಸೌಜನ್ಯವಲ್ಲವೆಂದು ಕೊನೆಯವರೆಗೂ ಕೂತೆ.

ಪರ್ಲ್ ಬರುವುದನ್ನು ನಿಲ್ಲಿಸಿದ್ದಾಳೆ.

ಫೆಬ್ರವರಿ 19, ಸೋಮವಾರ

ವಾರ್ಡಿನಲ್ಲಿ ಇಂದು ಪ್ಯಾಟ್ರಿಶಿಯಾ ನನ್ನನ್ನು ಬದಿಗೆ ಕರೆದು, ಪರ್ಲ್ ವಿಷಯದಲ್ಲಿ ಬರುವ ತಿಂಗಳು ಒಳ್ಳೆಯ ವರದಿ ಬರೆಯುವುದು ಕಷ್ಟವೆಂದರು. ಕೆಲಸ ಬಲ್ಲಳು, ಆದರೆ ಹೇಳಬೇಕಾದ್ದನ್ನು ಹೇಳಳು. ರೋಗಿಗೆ ಅದು ಅಪಾಯ. ನಾನು ಇನ್ನಷ್ಟು ಸಮಯ ಬೇಡಿದೆ.

ಮನೆಗೆ ಬಂದವಳು ಸೀದಾ ಅವಳ ಪರದೆಯ ಮುಂದೆ ನಿಂತೆ. ಶಾರನ್ ಮೇಲಿನ ಮಂಚದಿಂದಲೇ ಕೂಗಿದಳು: “ಪರ್ಲ್, ಎದ್ದೇಳು ಮಾರಾಯ್ತಿ! ಟಿವಿ ಇನ್‌ಸ್ಪೆಕ್ಟರ್ ರೈಡಿಗೆ ಬಂದಿದ್ದಾರೆ!”

ಪರದೆ ಸರಿಯಿತು. ಹುಡುಗಿಯ ಕಣ್ಣು ಕೆಂಪಾಗಿತ್ತು. ಕಾಲ ಬಳಿ ಅರ್ಧ ತುಂಬಿದ ಸೂಟ್‌ಕೇಸ್. ಅದನ್ನು ಕಾಣದವಳಂತೆ ನಟಿಸಿ, ಪರವಾನಗಿಯ ಷರತ್ತು ಮುರಿದಿರುವ ಬಗ್ಗೆ ವಿವರಣೆ ಕೇಳಿದೆ.

“ನನ್ನದು ಟಿವಿಯಲ್ಲಿ ಬರುದಿಲ್ಲ, ಮಿಸ್.”

“ಏನದು ಟಿ.ವಿ.ಯಲ್ಲಿ ಬಾರದ್ದು?”

ಫೋನ್ ತಿರುಗಿಸಿ ತೋರಿಸಿದಳು. ಟ್ಯೂಬ್‌ಲೈಟುಗಳ ಕೆಳಗೆ ಒಂದು ಮಣ್ಣಿನ ಅಂಗಣ, ನಡುವೆ ಬಲೆ, ಸುತ್ತ ಕುರ್ಚಿ ಹಾಕಿ ಕುಳಿತ ಊರಿನವರು. ಯಾರೋ ಮೈಕಿನಲ್ಲಿ ತುಳುವಿನಲ್ಲಿ ವಿವರಣೆ ಹೇಳುತ್ತಿದ್ದ. ಊರೂರಿನ ವಾಲಿಬಾಲ್ ಪಂದ್ಯಗಳನ್ನು ಹುಡುಗರು ಈಗ ಫೋನಿನಿಂದಲೇ ಜಗತ್ತಿಗೆಲ್ಲ ಬಿತ್ತರಿಸುತ್ತಾರಂತೆ. ಅಲ್ಲಿ ಊಟ ಮುಗಿಸಿ ಪಂದ್ಯ ಶುರುವಾಗುವಾಗ ನಮಗಿಲ್ಲಿ ದೀಪ ಹಚ್ಚುವ ಹೊತ್ತು.

“ನಾನು ಕಾಲೇಜಿನಲ್ಲಿ ಲಿಫ್ಟರ್ ಇದ್ದೆ,” ಎಂದಳು. “ಬೇರೆಯವರಿಗೆ ಹೊಡೀಲಿಕ್ಕೆ ಬಾಲ್ ಎತ್ತಿ ಕೊಡುವವಳು. ಈಗ ಊರಿನ ಹೆಂಗಸರ ಟೀಮಿಗೆ ನನ್ನ ಜಾಗದಲ್ಲಿ ಬೆಟ್ಟಿ ಆಡ್ತಾಳೆ. ನೋಡಿ, ಅವಳು ಎತ್ತುದು ತಡ ಮಾಡ್ತಾಳೆ. ನೋಡಿ, ನೋಡಿ—”

ನೋಡಿದೆ. ನಿಂತು ನೋಡಲು ಸೊಂಟ ಒಪ್ಪದೆ ಅವಳ ಮಂಚದ ಅಂಚಿನಲ್ಲಿ ಕುಳಿತು ನೋಡಿದೆ. ಬೆಟ್ಟಿ ನಿಜವಾಗಿಯೂ ತಡ ಮಾಡುತ್ತಾಳೆ.

ಎದ್ದು ಬರುವಾಗ, “ಇದು ಪಡಸಾಲೆಗೆ ಬರಬೇಕು,” ಎಂದೆ. “ಇದಕ್ಕೆ ಲೈಸನ್ಸ್ ಉಂಟಾ ಮಿಸ್?” ಎಂದು ಕೇಳಿದಳು. ಅವಳು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಮಾರ್ಚ್ 2, ಶುಕ್ರವಾರ

ಹಿತಾ ಎಲ್ಲಿಂದಲೋ ಒಂದು ಪುಟ್ಟ ಸಾಧನ ತಂದು ಟಿ.ವಿ.ಯ ಬೆನ್ನಿಗೆ ಚುಚ್ಚಿದಳು. ಫೋನಿನಲ್ಲಿದ್ದ ಅಂಗಣ ಗೋಡೆಯಗಲ ಹರಡಿತು. “ನೋಡಿ ಮಿಸ್, ಲೈಸನ್ಸ್ ಇರೋ ಟಿವಿಯಲ್ಲಿ ಲೈಸನ್ಸ್ ಇಲ್ಲದ ಪ್ರೋಗ್ರಾಮು. ಈಗ ನಾನು ಟೀ ಮಾಡ್ಬೇಕಾ, ಬೇಡ್ವಾ?”

“ಮಾಡು. ಆಮೇಲೆ ವಾದಿಸು.”

“ಇನ್ನೊಂದ್ ಪಾಯಿಂಟು. ಫ್ರಿಜ್ ಮೇಲೆ ಮೂರೇ ಲೈಸನ್ಸ್ ಇದೆ. ಈ ಮನೇಲಿ ಇರೋರು ನಾಲ್ಕು ಜನ. ನಿಮ್ದೆಲ್ಲಿ?”

ಶಾರನ್ ಚಪ್ಪಾಳೆ ತಟ್ಟಿದಳು. “ಹೌದಲ್ಲ! ಇನ್‌ಸ್ಪೆಕ್ಟರೇ ಕಳ್ಳಿ!”

ಮೇಲ್ವಿಚಾರಕಿಗೆ ಪರವಾನಗಿಯ ಅಗತ್ಯವಿಲ್ಲವೆಂದು ವಿವರಿಸಲು ಹೊರಟೆ. ವಿವರಣೆ ನನಗೇ ದುರ್ಬಲವೆನಿಸಿತು. ಚಹಾ ನಾನೇ ಮಾಡಿದೆ.

ಪಂದ್ಯದಲ್ಲಿ ಶಾರನ್‌ಳ ಒಳನೋಟ ಕಂಡು ಬೆರಗಾದೆ. “ಈಗ ಬಾಲ್ ಬಲೆಗೆ ಬೀಳ್ತದೆ,” ಎಂದರೆ ಬೀಳುತ್ತಿತ್ತು. “ಈಗ ಪಾಯಿಂಟ್,” ಎಂದರೆ ಪಾಯಿಂಟ್. ಆಟವನ್ನು ಇಷ್ಟು ಆಳವಾಗಿ ಬಲ್ಲವಳೆಂದು ಗೊತ್ತಿರಲಿಲ್ಲವೆಂದು ಮನಸಾರೆ ಹೊಗಳಿದೆ. ಹಿತಾ ಸೋಫಾದಿಂದ ಜಾರಿ ನೆಲಕ್ಕೆ ಬಿದ್ದು ನಕ್ಕಳು. ದೊಡ್ಡ ಪರದೆಗೆ ಚಿತ್ರ ತಲಪುವುದು ಸ್ವಲ್ಪ ತಡವಂತೆ. ಶಾರನ್ ಮಡಿಲಲ್ಲಿ ತನ್ನ ಫೋನ್ ಬಚ್ಚಿಟ್ಟುಕೊಂಡು ಮೊದಲೇ ನೋಡಿ ಭವಿಷ್ಯ ನುಡಿಯುತ್ತಿದ್ದಳು.

ಇದರ ನಡುವೆ ಪರ್ಲ್ ಯಾವಾಗಲೋ ಎದ್ದು ನಿಂತಿದ್ದಳು. ಚೆಂಡು ಬೆಟ್ಟಿಯತ್ತ ಬಂದಾಗ, “ದೆರ್ಪು! ಬೆಟ್ಟಿ, ದೆರ್ಪುಯಾ!” ಎಂದು ಕೂಗಿದಳು. ಎತ್ತು, ಎತ್ತು ಎಂದು. ಕಿಟಕಿಯ ಗಾಜು ಅದುರಿತೆಂದರೆ ಅತಿಶಯೋಕ್ತಿಯಾದೀತು, ಆದರೆ ಕೆಳಗಿನ ಬೀದಿಯಲ್ಲಿ ಒಬ್ಬರು ತಲೆಯೆತ್ತಿ ನೋಡಿದ್ದನ್ನು ನಾನೇ ಕಂಡೆ.

ಈ ಧ್ವನಿ ಇಷ್ಟು ದಿನ ಎಲ್ಲಿತ್ತು?

ಮಾರ್ಚ್ 6, ಮಂಗಳವಾರ

ಪಾಳಿ ಬದಲಾಗುವ ಮುನ್ನ ಪರ್ಲ್‌ಗೆ ಒಂದೇ ಮಾತು ಹೇಳಿದೆ: “ಮುಂದಿನ ಪಾಳಿಯವಳು ಹೊಡೆಯುವವಳು. ಚೆಂಡು ನೀನು ಎತ್ತಿ ಕೊಡಬೇಕು. ತಡ ಮಾಡಬೇಡ.”

ನಾಲ್ಕನೆಯ ಹಾಸಿಗೆಯ ಮುದುಕರ ಮೂತ್ರ ಕಡಿಮೆಯಾಗಿರುವುದನ್ನು ಅವಳು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಪ್ಯಾಟ್ರಿಶಿಯಾ ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿ ನೋಡಿದರು. ಕೊನೆಯ ಇಬ್ಬರ ವಿವರಕ್ಕೆ ಬರುವಾಗ ಧ್ವನಿ ಮತ್ತೆ ಇಳಿಯಿತು. ಪರವಾಗಿಲ್ಲ. ಒಂದೇ ದಿನಕ್ಕೆ ಯಾವ ಗಿಡವೂ ಮರವಾಗುವುದಿಲ್ಲ.

ಮಾರ್ಚ್ 9, ಶುಕ್ರವಾರ

ಇಂದು ಫೈನಲ್. ಮುಂಡ್ಕೂರಿಗೂ ಬೆಳ್ಮಣ್ಣಿಗೂ. ನಾನು ಮುಂಚಿತವಾಗಿಯೇ ಸೋಫಾದ ಬಲ ಮೂಲೆ ಹಿಡಿದೆ. ಅಲ್ಲಿಂದ ಬಲೆ ಚೆನ್ನಾಗಿ ಕಾಣುತ್ತದೆ.

ಎರಡನೆಯ ಸೆಟ್ಟಿನ ನಡುವೆ ಕರೆಗಂಟೆ ಸದ್ದಾಯಿತು. ಹರ್ಬರ್ಟ್, ತಪಾಸಣೆಗೆ. ಯಾರೂ ಏಳಲಿಲ್ಲ. ಬಾಗಿಲು ತೆರೆದಿದೆಯೆಂದು ಹಿತಾ ಕೂಗಿದಳು. ಒಳಗೆ ಬಂದ ಹರ್ಬರ್ಟ್ ನಮ್ಮನ್ನು ನೋಡಿದರು, ಟಿ.ವಿ. ನೋಡಿದರು, ಮತ್ತೆ ಟಿ.ವಿ.ಯನ್ನೇ ನೋಡಿದರು.

“ಇದು ನಮ್ಮ ಬೆಳ್ಮಣ್ಣಿನವರಲ್ಲವಾ?”

“ಸೋಲುವವರು ಅವರೇ,” ಎಂದಳು ಶಾರನ್.

“ಯಾರು ಹೇಳಿದ್ದು? ಆ ಉದ್ದದ ಹುಡುಗಿ ನನ್ನ ಅಕ್ಕನ ಮೊಮ್ಮಗಳು!” ಹರ್ಬರ್ಟ್ ಚಪ್ಪಲಿ ಬಿಟ್ಟು ನೆಲದಲ್ಲೇ ಕೂತರು. ಆಮೇಲೆ ಅವರಿಗೂ ಪರ್ಲ್‌ಗೂ ನಡೆದ ಮಾತನ್ನು ಬರೆಯುವಂತಿಲ್ಲ. “ನೀವು ಮುಸಫ್ಫಾದಲ್ಲಿ ಮಂಚ ಎಣಿಸಿ, ವಾಲಿಬಾಲ್ ನಮಗೆ ಬಿಡಿ!” ಎಂದದ್ದು ನನ್ನ ಪರ್ಲ್. ಮುಂಡ್ಕೂರು ಗೆದ್ದಿತು. ಬೆಟ್ಟಿ ಕೊನೆಯ ಚೆಂಡನ್ನು ತಡ ಮಾಡದೆ ಎತ್ತಿದಳು. ಪರ್ಲ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನಕ್ಕಳು, ಸ್ವಲ್ಪ ಅತ್ತಳು ಕೂಡ.

ಹರ್ಬರ್ಟ್ ಚಹಾ ಮುಗಿಸಿ ನನ್ನನ್ನು ಅಡುಗೆಮನೆಗೆ ಕರೆದರು. ಮುಖ ಸಣ್ಣದಾಗಿತ್ತು, ಸೋಲಿನಿಂದಲ್ಲ.

“ಬಾಯಿ, ಹಾಲ್ ಉಪಯೋಗದಲ್ಲಿ ಉಂಟು ಅಂತ ನಾನು ಬರೀತೇನೆ, ಆಣೆ ಮಾಡಿ ಬರೀತೇನೆ. ಆದ್ರೆ ಮ್ಯಾನೇಜರ್ ನಿನ್ನೆ ಹೇಳಿಬಿಟ್ಟರು. ಆ ಎರಡು ಹುಡುಗಿಯರಿಗೆ ವೀಸಾ ಆಯ್ತು, ಟಿಕೆಟ್ ಆಯ್ತು. ಅವರನ್ನು ನಾನು ಎಲ್ಲಿ ಮಲಗಿಸುದು? ಹಾಲ್ ಬಿಟ್ಟು ಬೇರೆ ಜಾಗ ತೋರಿಸಿ, ಅಲ್ಲಿಗೇ ಮಂಚ ಹಾಕ್ತೇನೆ.”

ನನ್ನ ಕೋಣೆಗೆ ಹಾಕಿ ಎಂದೆ. ಎರಡು ಮಂಚ ಸರಿಯಾಗಿ ಹಿಡಿಯುತ್ತವೆ. ಹುಡುಗಿಯರ ಕೋಣೆಯಲ್ಲಿ ಒಂದು ಮಂಚದ ಮೇಲೆ ಬರಿಯ ಸೂಟ್‌ಕೇಸ್‌ಗಳಿವೆ, ಅವುಗಳನ್ನು ಇಳಿಸಿದರೆ ನನಗಾಯಿತು. ಹರ್ಬರ್ಟ್ ಏಕೆ ಅಷ್ಟು ಹೊತ್ತು ನನ್ನನ್ನು ನೋಡಿದರೋ ತಿಳಿಯಲಿಲ್ಲ. ಹೇಗೂ ನನ್ನ ಆ ಕೋಣೆಗೆ ಗಾಳಿ ಬೆಳಕು ಅಷ್ಟಕ್ಕಷ್ಟೇ.

ನಾಳೆ ಮರೆಯದೆ ಚಹಾಪುಡಿ ತರಬೇಕು. ಮುಗಿದಿದೆ.

ಮಾರ್ಚ್ 24, ಶನಿವಾರ

ಹದಿನೈದು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಕೆಳಗಿನ ಮಂಚವನ್ನು ಪರ್ಲ್ ನನಗೆ ಬಿಟ್ಟುಕೊಟ್ಟಿದ್ದಾಳೆ. ಶಾರನ್ ನಿದ್ದೆಯಲ್ಲಿ ಮಾತನಾಡುತ್ತಾಳೆ. ಹಿತಾ ಬೆಳಿಗ್ಗೆ ನನ್ನ ಮಂಡಿಗೆ ವ್ಯಾಯಾಮ ಮಾಡಿಸುತ್ತಾಳೆ. ನೋವೆಂದರೆ, “ಆಗ್ಲೇಬೇಕು ಮಿಸ್, ಆದ್ರೇನೇ ಕೆಲಸ ಮಾಡ್ತಿದೆ ಅಂತ,” ಎನ್ನುತ್ತಾಳೆ. ನಾನು ಮೂವತ್ತು ವರ್ಷ ರೋಗಿಗಳಿಗೆ ಹೇಳಿದ ಮಾತನ್ನೇ.

ಹೊಸಬರಿಬ್ಬರೂ ಬಂದರು. ಒಬ್ಬಳು ಕೊಲ್ಲಂನವಳು, ಒಬ್ಬಳು ಫಿಲಿಪ್ಪೀನ್ಸಿನ ಸೆಬುವಿನವಳು. ಫ್ರಿಜ್ಜಿನ ಬಾಗಿಲು ನೋಡಿ ಅವರು ಗಾಬರಿಯಾಗಬಾರದೆಂದು ಪರವಾನಗಿಗಳನ್ನು ತೆಗೆದೆ. ತಮ್ಮ ಮನೆಯ ಅಜ್ಜಿ–ಮೊಮ್ಮಗನ ವಾದದಲ್ಲಿ ನಾನು ಈಗ ಯಾರ ಪಕ್ಷವೆಂದು ಪ್ಯಾಟ್ರಿಶಿಯಾ ಕೇಳಿದರು. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಜಗಳವಾಡುವುದಾದರೆ ಇಬ್ಬರ ಪಕ್ಷವೂ ನನ್ನದೇ ಎಂದೆ.

ಪರ್ಲ್‌ಳ ಪ್ರೊಬೇಷನ್ ವರದಿಗೆ ಪ್ಯಾಟ್ರಿಶಿಯಾ ಗುರುವಾರ ಸಹಿ ಹಾಕಿದರು. ಉಳಿಯುವುದು ಬಿಡುವುದು ಇನ್ನು ಅವಳಿಗೇ ಸೇರಿದ್ದು. ಸಂಜೆ ಅವಳನ್ನು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳು ತಾಯಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಇಲ್ಲಿಗೆ ಬರುವ ಯಾರ ಕೈಯಲ್ಲಾದ್ರೂ ನನ್ನ ಹಳೇ ಶೂಸ್ ಕಳಿಸಿ ಮಮ್ಮಿ. ಊದ್ ಮೇಥಾದಲ್ಲಿ ಶುಕ್ರವಾರ ಹೆಂಗಸರು ವಾಲಿಬಾಲ್ ಆಡ್ತಾರಂತೆ. ಇಲ್ಲ, ದುಬೈ ದೂರ ಇಲ್ಲ, ಬಸ್ ಉಂಟು. ಒಬ್ಬಳೇ ಅಲ್ಲ, ಮಿಸ್ ಬರ್ತಾರೆ.”

ನನ್ನನ್ನು ಯಾರೂ ಕೇಳಿರಲಿಲ್ಲ. ಬಸ್ಸಿನ ಸಮಯ ವಿಚಾರಿಸಬೇಕು.

ಮಾರ್ಚ್ 30, ಶುಭ ಶುಕ್ರವಾರ

ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಬಂದು ದೊಡ್ಡ ಪಾತ್ರೆಯಲ್ಲಿ ಗಂಜಿ ಇಟ್ಟೆವು. ಪವಿತ್ರ ದಿನವಾದ್ದರಿಂದ ಟಿ.ವಿ.ಯನ್ನು ಯಾರೂ ಮುಟ್ಟಲಿಲ್ಲ. ಫೋನ್‌ಗಳು ಒಳಗೇ ಉಳಿದವು. ಆದರೂ ಎಲ್ಲರೂ ಪಡಸಾಲೆಯಲ್ಲೇ ಇದ್ದೆವು. ಸೆಬುವಿನ ಹುಡುಗಿ ತನ್ನೂರಿನ ಶುಭ ಶುಕ್ರವಾರದ ಮೆರವಣಿಗೆಯನ್ನು ಕೈಸನ್ನೆಯಲ್ಲಿ ವಿವರಿಸುತ್ತಿದ್ದಳು. ಕೊಲ್ಲಂನವಳು ಅದನ್ನು ಮಲಯಾಳ ಬೆರೆತ ಹಿಂದಿಗೆ, ಶಾರನ್ ಅದನ್ನು ಕನ್ನಡಕ್ಕೆ ತರುತ್ತಿದ್ದರು. ನನ್ನನ್ನು ತಲಪುವಾಗ ಆ ಮೆರವಣಿಗೆಯಲ್ಲಿ ಎಮ್ಮೆಗಳೂ ಸೇರಿಕೊಂಡಿದ್ದವು. ಸೋಫಾ ತುಂಬಿ, ಚಾಪೆ ತುಂಬಿ, ಹಿತಾ ಕಿಟಕಿಯ ಕಟ್ಟೆ ಏರಿದ್ದಳು.

ಬಟ್ಟಲು ಹಂಚುತ್ತಿರುವಾಗ ಹರ್ಬರ್ಟ್ ಫೋನ್ ಮಾಡಿದರು.

“ತೆರೆಸಾ ಬಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈಸ್ಟರ್ ಆದ ಮೇಲೆ ಇನ್ನೊಬ್ಬಳು ಬರ್ತಾಳೆ. ಮ್ಯಾನೇಜರ್ ಪುನಃ ಆ ಹಾಲ್ ಕೇಳ್ತಾ ಇದ್ದಾರೆ. ಟಿವಿ ನಡೀತಾ ಉಂಟಾ?”

“ಇಲ್ಲ. ಇಂದು ಹಾಕಿಲ್ಲ.”

“ಫೋನಿನದ್ದನ್ನು ಟಿವಿಗೆ ಹಾಕುತ್ತಿದ್ದಿರಲ್ಲ, ಅದು?”

“ಅದೂ ಇಲ್ಲ.”

“ಹಾಗಾದ್ರೆ ಹಾಲ್ ಖಾಲಿ ಅಂತ ಬರೀಬೇಕಾಗ್ತದೆ, ಬಾಯಿ.”

“ಬಂದು ನೋಡಿ, ಹರ್ಬರ್ಟ್. ನಿಮಗೆ ಕೂರಲು ಜಾಗ ಸಿಕ್ಕಿದರೆ ಮಂಚ ಹಾಕಿಬಿಡಿ.”

ನನ್ನ ಬೆನ್ನ ಹಿಂದಿನ ಗದ್ದಲ ಅವರಿಗೆ ಕೇಳಿಸುತ್ತಿದ್ದಿರಬೇಕು; ಅದರಲ್ಲಿ ಎಲ್ಲಕ್ಕಿಂತ ಮೇಲೆ ಪರ್ಲ್‌ಳ ಧ್ವನಿ, ಚಟ್ನಿ ಇತ್ತ ಕಳಿಸಿ ಎಂದು.

“ಗಂಜಿ ಉಂಟಾ?” ಎಂದು ಕೇಳಿದರು.

“ಉಂಟು. ಬನ್ನಿ.”

“ಬಂದೆ. ಜಾಗ ಮಾಡ್ಲಿಕ್ಕೆ ಹೋಗ್ಬೇಡಿ ಬಾಯಿ, ನಾನು ಬಾಗಿಲಲ್ಲೇ ನಿಂತು ಉಣ್ತೇನೆ.”